ಅಂಗೈಯಗಲದ ಗಾಜು

ಆ ಆಂಬುಲೆನ್ಸಿನ ಹಿಂಬಾಗಿಲಿಗೆ ಒಳಗಡೆ ಚಿಲಕ ಇರಲಿಲ್ಲ. ಮೊದಲು ಇತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಅಲುಗಾಡಿ ಅಲುಗಾಡಿ ಅದು ಕಿತ್ತುಬಂದ ಮೇಲೆ ಮಿಲಿಟರಿಯವರು ಹೊರಗಡೆಯಿಂದ ಒಂದು ಕಬ್ಬಿಣದ ಪಟ್ಟಿ ಹೊಡೆದುಕೊಟ್ಟರು. ಹೊರಡುವಾಗ ಒಬ್ಬ ಸಿಪಾಯಿ ಆ ಪಟ್ಟಿ ಎಳೆದು ಹಾಕುತ್ತಾನೆ, ತಲುಪಿದ ಮೇಲೆ ಇನ್ನೊಬ್ಬ ಬಂದು ತೆಗೆಯುತ್ತಾನೆ. ನಡುದಾರಿಯಲ್ಲಿ ಏನಾದರೂ ಆದರೆ ನಾನು ಇಳಿಯೋದು ಹೇಗೆ ಅಂತ ಸಿಸ್ಟರ್ ಒಮ್ಮೆ ಕೇಳಿದ್ದಳು. ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡು, "ಇಳಿದು ಎಲ್ಲಿಗೆ ಹೋಗ್ತೀರಿ ಸಿಸ್ಟರ್? ರಸ್ತೆ ಪಕ್ಕ ಎಲ್ಲ ಮೈನು, ಕಾಲಿಟ್ರೆ ಸಿಡಿಯುತ್ತೆ" ಅಂದಿದ್ದ. ಮಾತೇನೋ ಸರಿ. ಆದರೂ ಆ ಪಟ್ಟಿ ಬೀಳುವ ಸದ್ದಿಗೆ ಅವಳು ಪ್ರತಿ ಸಲ ಬಾಗಿಲ ಕಡೆ ತಿರುಗಿ ನೋಡುವುದು ನಿಲ್ಲಲಿಲ್ಲ.

ಸಿಸ್ಟರ್ ಮಿಲಿಟರಿಯವಳಲ್ಲ. ಸಣ್ಣ ಆಸ್ಪತ್ರೆಯೊಂದರ ನರ್ಸು. ಅಲ್ಲಿ ಆಪರೇಷನ್ ಮಾಡುವ ಡಾಕ್ಟರು ಓಡಿಹೋಗಿ ಬಹಳ ಕಾಲವಾಗಿತ್ತು. ದೊಡ್ಡ ಪೆಟ್ಟು ಬಿದ್ದವರನ್ನು ರಸ್ತೆಯ ಆ ತುದಿಯ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ರಸ್ತೆಯಲ್ಲಿ ಕಾನ್ವಾಯ್ ಬಿಟ್ಟು ಬೇರೆ ಒಂದು ನರಪಿಳ್ಳೆ ಓಡಾಡುವ ಹಾಗಿಲ್ಲ. ಹಾಗಾಗಿ ಮುಂದೆ ಮಿಲಿಟರಿ ಗಾಡಿ, ಹಿಂದೆ ಮಿಲಿಟರಿ ಗಾಡಿ, ನಡುವೆ ಹಿಟ್ಟಿನ ಲಾರಿ, ನೀರಿನ ಟ್ಯಾಂಕರು, ಡೀಸೆಲ್ಲು, ಇವೆಲ್ಲದರ ಮಧ್ಯೆ ಸಿಕ್ಕಿಹಾಕಿಕೊಂಡು ಈ ಆಂಬುಲೆನ್ಸು. ಯಾರಾದರೂ ಬನ್ನಿ ಅಂದಾಗ ಉಳಿದ ನರ್ಸುಗಳೆಲ್ಲ ನೆಲ ನೋಡಿದರು. ಇವಳು ಮಾತ್ರ ನಾನು ಹೋಗ್ತೀನಿ ಅಂದಳು. ಎಲ್ಲರೂ ಎಷ್ಟು ಧೈರ್ಯ ಅಂದರು. ಧೈರ್ಯವೂ ಇಲ್ಲ ಮಣ್ಣೂ ಇಲ್ಲ. ಆ ರಸ್ತೆ ಅವಳ ಅಮ್ಮನ ಮನೆ ಮುಂದೆ ಹಾದುಹೋಗುತ್ತಿತ್ತು, ಅಷ್ಟೇ.

ಅಮ್ಮ ದರ್ಜಿ. ಊರಿನ ಮುಖ್ಯ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಬೀದಿಯ ಮುಕ್ಕಾಲು ಪಾಲು ಜನ ಗಂಟುಮೂಟೆ ಕಟ್ಟಿಕೊಂಡು ಹೋದರೂ ಅಮ್ಮ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕಾರಣ ಕೇಳಿದರೆ ಹಣೆ ಚಚ್ಚಿಕೊಳ್ಳಬೇಕು. ಊರವರು ಹೊಲಿಯಲು ಕೊಟ್ಟ ಬಟ್ಟೆಗಳು ಅರ್ಧಂಬರ್ಧ ಹೊಲಿದು ಹಾಗೇ ಉಳಿದಿದ್ದವು. "ನಾಳೆ ಬಂದು ಎಲ್ಲಮ್ಮಾ ನನ್ನ ಬಟ್ಟೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ತಗೊಂಡು ಓಡಿಹೋದೆ ಅಂತಲಾ?" ಅನ್ನುತ್ತಿದ್ದಳು. ಹೀಗೆ ಯುದ್ಧದ ನಟ್ಟನಡುವೆ ಆ ಮಹಾತಾಯಿ ಯಾರದೋ ಮಗಳ ಮದುವೆಯ ಲಂಗಕ್ಕೆ ಅಂಚು ಹೊಲಿಯುತ್ತ ಕೂತಿದ್ದಳು. ಮದುವೆ ಹುಡುಗಿ ಯಾವ ದಿಕ್ಕಿಗೆ ಹೋದಳೋ ದೇವರಿಗೇ ಗೊತ್ತು.

ಆಂಬುಲೆನ್ಸಿನ ಎರಡೂ ಪಕ್ಕದ ಗಾಜಿಗೆ ಪೂರ್ತಿ ಬಿಳಿ ಬಣ್ಣ ಬಳಿದಿತ್ತು. ತೆರೆಯುವ ಗಾಜೂ ಅಲ್ಲ. ಸಿಸ್ಟರ್ ಬ್ಲೇಡಿನಿಂದ ಎರಡರಲ್ಲೂ ಅಂಗೈಯಗಲ ಜಾಗದ ಬಣ್ಣ ಕೆರೆದು ನೋಡಲು ದಾರಿ ಮಾಡಿಕೊಂಡಿದ್ದಳು. ಮೊದಲ ಸಲ ಆ ಬೀದಿ ಬಂದಾಗ ಅಲ್ಲಿಂದ ಇಣುಕಿದರೆ, ಅಮ್ಮ ಮೇಲಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಎರಡೂ ಕೈ ಬೀಸುತ್ತಿದ್ದಾಳೆ. ಇವಳು ಏನೋ ಆಗಿದೆ ಅಂದುಕೊಂಡು ತಲೆಯ ಹತ್ತಿರವೇ ಇದ್ದ ಕೆಂಪು ಸ್ವಿಚ್ ಒತ್ತಿಬಿಟ್ಟಳು.

ಆ ಸ್ವಿಚ್ಚಿನ ವಿಷಯ ಹೇಳಬೇಕು. ಕಾನ್ವಾಯಿನಲ್ಲಿ ಯಾರೂ ತಮ್ಮಿಷ್ಟಕ್ಕೆ ನಿಲ್ಲುವಂತಿಲ್ಲ. ಮುಂದಿನ ಗಾಡಿಯ ಚಕ್ರದ ಗುರುತಿನ ಮೇಲೇ ಹಿಂದಿನದು ಹೋಗಬೇಕು. ನಿಲ್ಲಿಸುವ ಅಧಿಕಾರ ಇದ್ದದ್ದು ಇಬ್ಬರಿಗೆ. ಒಂದು ಕ್ಯಾಪ್ಟನ್, ಇನ್ನೊಂದು ಆಂಬುಲೆನ್ಸಿನ ಈ ಕೆಂಪು ಸ್ವಿಚ್. ಒತ್ತಿದರೆ ಮೇಲೆ ದೀಪ ಹತ್ತಿ ಸೈರನ್ ಕೂಗುತ್ತದೆ, ಇಡೀ ಸಾಲು ಗಕ್ಕನೆ ನಿಲ್ಲುತ್ತದೆ. ಅವತ್ತೂ ನಿಂತಿತು. ಎದುರಿನ ಗುಡ್ಡದ ಮೇಲೆ ಫಿರಂಗಿ ಇಟ್ಟುಕೊಂಡು ಕೂತಿದ್ದವರಿಗೆ ಅಷ್ಟೇ ಬೇಕಾಗಿತ್ತು. ಒಂದು ಶೆಲ್ ಹಿಟ್ಟಿನ ಲಾರಿಯ ಪಕ್ಕ ಬಿದ್ದು ಕ್ಲೀನರನ ಒಂದು ಕಾಲು ಹೋಯಿತು. ಆ ಕಾಲಿಗೆ ಬಿಗಿದು ಕಟ್ಟಿದವಳೂ ಸಿಸ್ಟರೇ. ಆಮೇಲೆ ತಿಳಿದರೆ, ಅಮ್ಮನಿಗೆ ಏನೂ ಆಗಿರಲಿಲ್ಲ. ಮಗಳ ಗಾಡಿ ಬಂತಲ್ಲ ಅಂತ ಖುಷಿಗೆ ಕೈ ಬೀಸಿದ್ದಳು.

ಆಗಿನ್ನೂ ಊರಿಗೆ ಫೋನ್ ಇತ್ತು. ಸಿಸ್ಟರ್ ಅತ್ತುಕೊಂಡೇ ಬೈದಳು. ಕ್ಲೀನರನ ಸುದ್ದಿ ಕೇಳಿ ಅಮ್ಮ ಅವನಿಗೆ ಎಷ್ಟು ವಯಸ್ಸು ಅಂತ ಕೇಳಿದಳು. ಆಮೇಲೆ, "ಸರಿ. ಇನ್ಮೇಲೆ ಕೈ ಕಟ್ಕೊಂಡೇ ನಿಲ್ತೀನಿ. ಪ್ರಾಣಕ್ಕೆ ಬಂದ್ರೆ ಮಾತ್ರ ಬಿಚ್ತೀನಿ. ನೀನು ಮಾತ್ರ ಆ ಗಾಜಿಗೆ ಕೈ ಇಟ್ಟು ತೋರಿಸೋದು ಮರೀಬೇಡ, ನನಗೆ ಅಷ್ಟು ಸಾಕು" ಅಂದಳು. ಮುಂದಿನ ವಾರ ಫೋನಿನ ತಂತಿಯೂ ಹೋಯಿತು.

ಅವತ್ತಿನಿಂದ ಅದೇ ರೂಢಿಯಾಯಿತು. ಬೀದಿ ಬಂದಾಗ ಸಿಸ್ಟರ್ ಅಂಗೈಯನ್ನು ಗಾಜಿಗೆ ಒತ್ತಿ, ಬೆರಳ ಸಂದಿಯಿಂದ ನೋಡುತ್ತಾಳೆ. ಮೇಲೆ ಅಮ್ಮ, ಕೊರಳಲ್ಲಿ ಅಳತೆ ಟೇಪು, ಎದೆಯ ಮೇಲೆ ಬಿಗಿಯಾಗಿ ಕಟ್ಟಿದ ಕೈ, ಯಾರೋ ಸಾಲ ವಾಪಸ್ ಕೊಡದೆ ಓಡಿಹೋಗುತ್ತಿದ್ದಾರೇನೋ ಅನ್ನುವಂಥ ಮುಖ. ಅದನ್ನು ನೋಡಿದರೆ ಸಿಸ್ಟರಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಈಗಿನ ಡ್ರೈವರಿಗೆ ಇದೊಂದೂ ಗೊತ್ತಿಲ್ಲ. ಅವನು ಆಮೇಲೆ ಬಂದವನು. ಬಾಯಿಗೆ ಬೀಗವಿಲ್ಲದ ಆಸಾಮಿ, ಸಿಪಾಯಿಗಳು ಅವನಿಗೆ ಹರಟೆ ಅಂತಲೇ ಹೆಸರಿಟ್ಟಿದ್ದರು. ಕ್ಲೀನರನ ಕಾಲಿನ ಕತೆ ಹೇಳುವುದಕ್ಕೆ ನಾಚಿಕೆಯಾಗಿ ಸಿಸ್ಟರ್ ಅವನಿಗೆ ಏನೂ ಹೇಳಿರಲಿಲ್ಲ. ಹಾಗಾಗಿ ಅಮ್ಮ ಮಗಳ ಮೇಲೆ ಮುನಿಸಿಕೊಂಡಿದ್ದಾಳೆ ಅಂತಲೇ ಹರಟೆ ತಿಳಿದಿದ್ದ. "ಏನ್ ಸಿಸ್ಟರ್ ನಿಮ್ಮಮ್ಮ, ಇಷ್ಟು ದಿನ ಆದ್ರೂ ಸಿಟ್ಟು ಇಳೀಲಿಲ್ವಲ್ಲ. ನನ್ನ ಹೆಂಡ್ತಿನೇ ವಾಸಿ, ಎರಡು ದಿನಕ್ಕೆ ಮಾತಾಡ್ತಾಳೆ" ಅನ್ನುತ್ತಿದ್ದ. "ನಮ್ಮಮ್ಮ ಹಾಗೇ ಅಣ್ಣ" ಅಂತ ಅವಳೂ ನಕ್ಕು ಸುಮ್ಮನಾಗುತ್ತಿದ್ದಳು.

ಆ ದಿನ ಆಂಬುಲೆನ್ಸಿನಲ್ಲಿ ಮಲಗಿದ್ದವನು ಒಬ್ಬ ಗಾರೆ ಕೆಲಸದವನು. ಗೋಡೆ ಕುಸಿದು ಎದೆಯ ಮೇಲೆ ಬಿದ್ದಿತ್ತು. ತಾನಾಗಿ ಉಸಿರಾಡುವ ತ್ರಾಣವಿರಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ, ಅದರ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿದ್ದರು. ಚೀಲ ಒತ್ತಿದರೆ ಉಸಿರು ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಉಸಿರಾಟದ ಮಷೀನು ಕೆಟ್ಟು ಮೂಲೆ ಸೇರಿದ್ದರಿಂದ ದಾರಿಯುದ್ದಕ್ಕೂ ಸಿಸ್ಟರೇ ಒತ್ತಬೇಕು. ಅವನ ಹೆಂಡತಿ ಜೊತೆಗಿದ್ದಳು. ಇಟ್ಟಿಗೆ ಸರಿಸಿ ಗಂಡನನ್ನು ಎಳೆಯಲು ಹೋಗಿ ಅವಳ ಎರಡು ಕೈಯೂ ಜಜ್ಜಿಹೋಗಿದ್ದವು, ಮೊಣಕೈವರೆಗೂ ಬ್ಯಾಂಡೇಜು. ಗಂಡನ ಮುಖ ಸವರುವುದಕ್ಕೂ ಬೆರಳಿಲ್ಲ.

"ನನ್ನ ಕೈ ಸರಿ ಇದ್ದಿದ್ರೆ ನಾನೇ ಒತ್ತುತಿದ್ದೆ" ಅಂದಳು.

"ನಾನು ಒತ್ತುತೀನಿ. ನೀವು ಅವರ ಎದೆ ನೋಡ್ತಾ ಇರಿ. ಏಳದಿದ್ರೆ ನನಗೆ ಹೇಳಿ" ಅಂದಳು ಸಿಸ್ಟರ್.

ಹೊರಗೆ ಪಟ್ಟಿ ಬಿತ್ತು. ಸಾಲು ಹೊರಟಿತು.

ಒತ್ತುವ ಕೆಲಸ ಮೊದಮೊದಲು ಏನೂ ಅನ್ನಿಸುವುದಿಲ್ಲ. ಆಮೇಲೆ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ, ಅಲ್ಲಿಂದ ಮಣಿಕಟ್ಟು, ಅಲ್ಲಿಂದ ಭುಜ. ಸ್ಟ್ರೆಚರಿನ ತಲೆಯ ಕಡೆ ನೆಲದ ಮೇಲೆ ಮಂಡಿಯೂರಿ ಕೂತರೇನೇ ಕೈ ಎಟುಕುವುದು. ಹಾಗೆ ಕೂತರೆ ಅಮ್ಮನ ಮನೆ ಕಡೆಯ ಗಾಜು ಬೆನ್ನ ಹಿಂದೆ, ಮೇಲೆ. ಡೀಸೆಲ್ ಹೊಗೆ, ಔಷಧಿ ವಾಸನೆ, ತಗಡಿನ ಬಿಸಿ. ಬೆಳಗಿನಿಂದ ಸಿಸ್ಟರ್ ಒಂದು ಗುಟುಕು ನೀರು ಕುಡಿದಿರಲಿಲ್ಲ. ಕುಡಿದರೆ ಇಳಿಯಬೇಕಾಗುತ್ತದೆ, ಇಳಿಯುವುದೆಲ್ಲಿ ಬಂತು? ಒತ್ತು, ಬಿಡು. ಒತ್ತು, ಬಿಡು. ಸ್ವಲ್ಪ ಹೊತ್ತಿಗೆ ಅವಳ ಉಸಿರೂ ಅವನ ಲೆಕ್ಕಕ್ಕೇ ಬಂತು. ಹೆಂಡತಿ ಕಣ್ಣು ಮಿಟುಕಿಸದೆ ಎದೆಯನ್ನೇ ನೋಡುತ್ತಿದ್ದಳು.

ಡ್ರೈವರಿನ ಬೆನ್ನ ಹಿಂದೆ ಒಂದು ಪುಟ್ಟ ಕಿಂಡಿ. ಅದರಿಂದ ಹರಟೆಯ ಮಾತು ಸುರಿಯುತ್ತಲೇ ಇತ್ತು. ಟ್ಯಾಂಕರಿನವ ಹೇಗೆ ಓಡಿಸುತ್ತಾನೆ, ನಿನ್ನೆಯ ಊಟದಲ್ಲಿ ಉಪ್ಪು ಎಷ್ಟಿತ್ತು, ತನ್ನ ಮಾವ ಯಾಕೆ ಉದ್ಧಾರವಾಗಲಿಲ್ಲ. ಅವಳು ಹ್ಞೂಂ ಹ್ಞೂಂ ಅನ್ನುತ್ತಿದ್ದಳು. ಗಾಡಿ ಎಡಕ್ಕೆ ತಿರುಗಿ, ಚಕ್ರದ ಕೆಳಗೆ ಕಲ್ಲುಹಾಸಿನ ಕಟಕಟ ಶುರುವಾದಾಗ ಅಮ್ಮನ ಬೀದಿ ಬಂತು ಅಂತ ಅವಳಿಗೆ ಗೊತ್ತಾಯಿತು. ಕತ್ತು ತಿರುಗಿಸಿದಳು. ಬರೀ ಬಿಳಿ ತಗಡು ಕಂಡಿತು. ಎದ್ದರೆ ಚೀಲ ಕೈತಪ್ಪುತ್ತದೆ.

"ಅಣ್ಣ, ನಮ್ಮಮ್ಮ ಕಾಣ್ತಾಳಾ ನೋಡು" ಅಂದಳು.

"ನೋಡ್ತೀನಿ ತಾಳಿ" ಅಂದ ಹರಟೆ. ಆಮೇಲೆ ಅವನ ದನಿ ಹಬ್ಬದಂತೆ ಏರಿತು. "ಸಿಸ್ಟರ್, ಬಾಯಿಗೆ ಸಕ್ಕರೆ ಹಾಕಿ ನನಗೆ. ನಿಮ್ಮಮ್ಮನ ಸಿಟ್ಟು ಇಳೀತು. ಸೈಡ್ ಕನ್ನಡೀಲಿ ಕಾಣ್ತು, ಕೈ ಬೀಸ್ತಿದಾರೆ. ಒಂದು ಕೈ ಅಲ್ಲ, ಎರಡೂ ಕೈ."

ಸಿಸ್ಟರಿನ ಕೈ ನಿಂತಿತು.

"ಸಿಸ್ಟರ್," ಅಂದಳು ಹೆಂಡತಿ. "ಎದೆ."

ಒತ್ತಿದಳು. ಎದೆ ಎದ್ದಿತು. "ಅಣ್ಣ, ಸರಿಯಾಗಿ ನೋಡಿದೆಯಾ? ಅಮ್ಮನೇನಾ?"

"ಕೊರಳಲ್ಲಿ ಟೇಪು ಇರೋ ಅಮ್ಮಂದಿರು ಈ ಬೀದೀಲಿ ಎಷ್ಟು ಜನ ಇದಾರೆ? ಅರ್ಧ ಮೈ ಹೊರಗಿತ್ತು. ಏನೋ ಕೂಗ್ತಾನೂ ಇದ್ರು. ಪಾಪ, ಎಷ್ಟು ದಿನದಿಂದ ಅದುಮಿಟ್ಕೊಂಡಿದ್ರೋ."

"ನಿಲ್ಸು."

"ಏನಂದ್ರಿ?"

"ಗಾಡಿ ನಿಲ್ಸಣ್ಣ. ಅದು ಖುಷಿಗೆ ಬೀಸಿದ್ದಲ್ಲ. ಪ್ರಾಣಕ್ಕೆ ಬಂದ್ರೆ ಮಾತ್ರ ಬೀಸ್ತೀನಿ ಅಂದಿದ್ಲು. ನಮ್ಮ ಮಾತು ಹಾಗಿತ್ತು. ಏನೋ ಆಗಿದೆ."

ಕಿಂಡಿಯ ಆಚೆ ಮಾತು ನಿಂತಿತು. ಹರಟೆ ಸುಮ್ಮನಾದದ್ದು ಅದೇ ಮೊದಲಿರಬೇಕು. "ನಿಲ್ಸೋಕೆ ಆಗಲ್ಲ ಸಿಸ್ಟರ್, ಹಿಂದೆ ಡೀಸೆಲ್ ಟ್ಯಾಂಕರ್ ಅಂಟ್ಕೊಂಡು ಬರ್ತಿದೆ. ಕ್ಯಾಪ್ಟನ್‌ಗೆ ಕೇಳ್ತೀನಿ ಇರಿ" ಅಂದ. ವೈರ್‌ಲೆಸ್ಸು ಗೊರಗೊರ ಅಂದಿತು. ಕ್ಯಾಪ್ಟನ್ನಿನ ದನಿ ಅವಳಿಗೂ ಕೇಳಿಸಿತು. ಈ ಬೀದಿಯಲ್ಲಿ ಯಾವ ಗಾಡಿಯೂ ನಿಲ್ಲಕೂಡದು, ಯಾವ ಕಾರಣಕ್ಕೂ ನಿಲ್ಲಕೂಡದು.

ಉಳಿದದ್ದು ಕೆಂಪು ಸ್ವಿಚ್. ಅದು ಕಿಂಡಿಯ ಪಕ್ಕದ ಗೋಡೆಯಲ್ಲಿ, ಚೀಲ ಬಿಟ್ಟು ಎದ್ದು ಚಾಚಿದರೆ ಎಟುಕುವಷ್ಟು ದೂರದಲ್ಲಿತ್ತು. ಎಷ್ಟು ಹೊತ್ತಿನ ಕೆಲಸ? ಎರಡು ಉಸಿರು ತಪ್ಪಬಹುದು, ಸಾಯುವುದಿಲ್ಲ. ಆಮೇಲೆ ನಿಂತ ಸಾಲು, ಗುಡ್ಡ, ಬೆನ್ನ ಹಿಂದೆ ಡೀಸೆಲ್ಲು. ಆ ಕ್ಲೀನರನ ಕಾಲು ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಅಮ್ಮ, ಕಿಟಕಿಯಿಂದ ಅರ್ಧ ಮೈ ಚಾಚಿದ ಅಮ್ಮ. ಬಿದ್ದು ಏನಾದರೂ ಮುರಿದಿದೆಯೋ, ಎದೆನೋವೋ, ಮನೆಗೆ ಯಾರಾದರೂ ನುಗ್ಗಿದ್ದಾರೋ. ಊರಿಗೆ ಔಷಧಿ ಕೊಡುವವಳು ನಾನು, ಹೆತ್ತವಳು ಕೂಗಿ ಕರೆದರೆ ತಗಡಿನ ಡಬ್ಬಿಯಲ್ಲಿ ಕೂತು ಮುಂದೆ ಹೋಗುತ್ತಿದ್ದೇನೆ.

ಅವಳ ಕಣ್ಣು ಎಲ್ಲಿಗೆ ಹೋಯಿತು ಅಂತ ಗಾರೆಯವನ ಹೆಂಡತಿ ನೋಡಿದಳು. ಓದು ಬರಹ ಎಷ್ಟಿತ್ತೋ ಏನೋ, ಆ ಸ್ವಿಚ್ ಏನು ಅಂತ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೂತಲ್ಲಿಂದ ಎದ್ದಳು, ಬ್ಯಾಂಡೇಜಿನ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತಳು.

"ಸ್ವಲ್ಪ ಸರ್ಕೊಳ್ಳಿ," ಅಂದಳು ಸಿಸ್ಟರ್.

ಹೆಂಡತಿ ಸರಿಯಲಿಲ್ಲ. ತಲೆ ಬಗ್ಗಿಸಿ ಗಂಡನ ಎದೆಯನ್ನೇ ನೋಡುತ್ತ, "ಏಳ್ತಾ ಇದೆ ಸಿಸ್ಟರ್. ಒತ್ತಿ" ಅಂದಳು.

ಆ ಹೊತ್ತಿನಲ್ಲಿ ಸಿಸ್ಟರಿಗೆ ಆ ಹೆಂಗಸಿನ ಮೇಲೆ ಬಂದ ಕೋಪ ಇಷ್ಟು ಅಷ್ಟಲ್ಲ. ಜುಟ್ಟು ಹಿಡಿದು ಎಳೆದುಹಾಕಬೇಕು ಅನ್ನಿಸಿತು. ಜೊತೆಗೇ, ನನ್ನ ಬದಲು ಇವಳು ತೀರ್ಮಾನ ಮಾಡಿಬಿಟ್ಟಳಲ್ಲ ಅನ್ನುವ ಒಂದು ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಇಷ್ಟೆಲ್ಲ ಆಗುವಾಗಲೂ ಕೈ ತನ್ನ ಪಾಡಿಗೆ ಒತ್ತುತ್ತಲೇ ಇತ್ತು. ಚಕ್ರದ ಕೆಳಗಿನ ಕಟಕಟ ನಿಂತಿತು. ಬೀದಿ ಮುಗಿಯಿತು.

ಸಿಸ್ಟರ್ ಅಳುತ್ತಿದ್ದಳು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಗಾರೆಯವನ ಹೆಂಡತಿ ಒಮ್ಮೆ ಬಗ್ಗಿ ತನ್ನ ಸೆರಗಿನ ತುದಿಯನ್ನು ಬ್ಯಾಂಡೇಜಿನ ನಡುವೆ ಹೇಗೋ ಸಿಕ್ಕಿಸಿ ಅವಳ ಕೆನ್ನೆಗೆ ಒತ್ತಿದಳು. ಸಿಸ್ಟರ್ ಮುಖ ತಿರುಗಿಸಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಪಟ್ಟಿ ತೆಗೆದಾಗ ಗಾರೆಯವನಿಗೆ ಇನ್ನೂ ನಾಡಿ ಇತ್ತು. ಆಪರೇಷನ್ ಕೋಣೆಯವರು ಅವಳ ಕೈಯಿಂದ ಚೀಲ ತೆಗೆದುಕೊಂಡರು. ಬೆರಳು ಬಿಡಿಸಿಕೊಳ್ಳಲು ಅವರೇ ಸಹಾಯ ಮಾಡಬೇಕಾಯಿತು. ಬದುಕುತ್ತಾನಾ ಅಂದರೆ ನೋಡೋಣ ಅಂದರು. ಹೊರಗಿನ ಬೆಂಚಿನಲ್ಲಿ ಹೆಂಡತಿ, "ನಾನು ಬೇಕಂತಲೇ ಅಡ್ಡ ಕೂತೆ" ಅಂದಳು.

"ಗೊತ್ತು."

"ನಿಮ್ಮಮ್ಮಂಗೆ ಏನಾದ್ರೂ ಆಗಿದ್ರೆ ಆ ಪಾಪ ನನಗಿರಲಿ."

"ಪಾಪ ಹಂಚ್ಕೊಳ್ಳೋಕೆ ಅದೇನು ಪ್ರಸಾದನಾ? ಸುಮ್ನೆ ಕೂತ್ಕೊಳ್ಳಿ" ಅಂದಳು ಸಿಸ್ಟರ್. ಅವಳಿಗೆ ನೀರು ತಂದು ಕುಡಿಸಿದಳು. ತಾನೂ ಕುಡಿದಳು.

ಕ್ಯಾಪ್ಟನ್ ಕೆಟ್ಟವನಲ್ಲ. ಅಮ್ಮನ ಊರ ಹೊರಗಿನ ಠಾಣೆಗೆ ವೈರ್‌ಲೆಸ್ ಮಾಡಿಸಿದ. ಅವರು ಆ ಬೀದಿಗೆ ತಾವು ಇಳಿಯುವುದಿಲ್ಲ ಅಂದರು. ಸಂಜೆ ಮತ್ತೆ ಕೇಳಿಸಿದ. ಕಾನ್ವಾಯ್ ದಾಟಿದ ಮೇಲೆ ಬೀದಿಗೆ ಎರಡು ಶೆಲ್ ಬಿದ್ದಿದೆ, ಯಾವ ಮನೆ ಅಂತ ಗೊತ್ತಿಲ್ಲ ಅಂದರು. ಇಷ್ಟು ಕೇಳಿದ ಮೇಲೆ ಸಿಸ್ಟರ್ ಮೂರನೇ ಸಲ ಕೇಳಿಸಲಿಲ್ಲ. ನಡೆದು ಹೋಗುತ್ತೇನೆ ಅಂದಳು, ಬಿಡಲಿಲ್ಲ. ಬೆಳಿಗ್ಗೆ ವಾಪಸ್ ಹೊರಡುವ ಸಾಲಿನಲ್ಲೇ ಬರಬೇಕು ಅಂದರು.

ಬೆಳಿಗ್ಗೆ ಪಟ್ಟಿ ಹಾಕುವ ಮೊದಲು ಕ್ಯಾಪ್ಟನ್ ಬಾಗಿಲಿಗೆ ಬಂದು ನಿಂತ. "ಸಿಸ್ಟರ್, ಆ ಸ್ವಿಚ್ಚಿನ ತಂತಿ ಕಿತ್ತುಹಾಕಿಸಬಹುದಿತ್ತು. ಕಿತ್ತಿಲ್ಲ" ಅಂದ. ಅಷ್ಟೇ ಅಂದು ಹೋದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಈಗ ಸ್ಟ್ರೆಚರ್ ಖಾಲಿ. ಕೈ ಎರಡೂ ಖಾಲಿ. ಸ್ವಿಚ್ಚಿಗೆ ಅಡ್ಡ ಕೂರುವವರೂ ಇಲ್ಲ. ಅವಳು ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಮುಂದೆ ಹರಟೆ ಇಡೀ ದಾರಿ ತುಟಿ ಬಿಚ್ಚಲಿಲ್ಲ. ಕಲ್ಲುಹಾಸು ಶುರುವಾಗುವ ತಿರುವಿನಲ್ಲಿ ಮಾತ್ರ, "ಬಂತು ಸಿಸ್ಟರ್" ಅಂದ.

ಅವಳು ಗಾಜಿಗೆ ಮುಖ ಒತ್ತಿದಳು. ಪಾತ್ರೆ ಅಂಗಡಿಯ ಮುಂಭಾಗ ಇರಲಿಲ್ಲ. ಬೀದಿಯ ತುಂಬ ಸೊಟ್ಟಗಾದ ಪಾತ್ರೆಗಳು. ಅದರ ಪಕ್ಕದ್ದು ಅಮ್ಮನ ಮನೆ. ಮೇಲಿನ ಕಿಟಕಿಯ ಬಾಗಿಲೊಂದು ಕಿತ್ತು ನೇತಾಡುತ್ತಿತ್ತು. ಒಳಗೆ ಕತ್ತಲೆ. ಕಿಟಕಿಯಲ್ಲಿ ಯಾರೂ ಇರಲಿಲ್ಲ.

ತೊಡೆಯ ಕೆಳಗಿಂದ ಬಲಗೈ ಯಾವಾಗ ಹೊರಗೆ ಬಂತೋ, ಬೆರಳು ಸ್ವಿಚ್ಚಿನ ಮೇಲಿತ್ತು.

ಆಗ ಕೆಳಗೆ, ಅಂಗಡಿಯ ಮೆಟ್ಟಿಲ ಮೇಲೆ, ಅಮ್ಮ ಕಂಡಳು. ತಲೆಕೂದಲೆಲ್ಲ ಸುಣ್ಣದ ಧೂಳು, ಕೊರಳಲ್ಲಿ ಟೇಪು. ಇಡೀ ರಾತ್ರಿ ಅಲ್ಲೇ ಕೂತಿದ್ದವಳ ಮುಖ. ಕೈಯೆರಡನ್ನೂ ಮೇಲೆತ್ತಿ ಹಿಟ್ಟಿನ ಲಾರಿಯ ಡ್ರೈವರನ್ನು ಏನೋ ಕೇಳುತ್ತಿದ್ದಳು, ಅವನು ಹೋಗಿಬಿಟ್ಟ; ಹಿಂದಿನ ಗಾಡಿಯವನನ್ನು ಕೇಳಿದಳು, ಅವನೂ ಹೋದ. ಒಂದೊಂದು ಗಾಡಿಯ ಒಂದೊಂದು ಗಾಜನ್ನೂ ಹುಡುಕುತ್ತಿದ್ದಳು. ಪೆಟ್ಟಾದವಳು ಹಾಗೆ ಹುಡುಕುವುದಿಲ್ಲ. ಮಗುವನ್ನು ಸಂತೆಯಲ್ಲಿ ಕಳೆದುಕೊಂಡವಳು ಹುಡುಕುತ್ತಾಳೆ.

ಆಗ ಸಿಸ್ಟರಿಗೆ ಹೊಳೆಯಿತು. ನಿನ್ನೆ ಗಾಜಿನ ಮೇಲೆ ಕೈ ಇರಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಗಾಜು ಖಾಲಿಯಾಗಿತ್ತು. ಅಮ್ಮ ಕೈ ಬಿಚ್ಚಿದ್ದು ತನ್ನ ಪ್ರಾಣಕ್ಕಲ್ಲ, ಮಗಳ ಪ್ರಾಣಕ್ಕೆ. ತಾನು ಇಲ್ಲಿ ಡಬ್ಬಿಯಲ್ಲಿ ಅಮ್ಮ ಸತ್ತಳೆಂದು ಅಳುತ್ತಿದ್ದ ಹೊತ್ತಿಗೆ, ಅಮ್ಮ ಅಲ್ಲಿ ಮಗಳು ಸತ್ತಳೆಂದು ಶೆಲ್ ಬೀಳುವ ಬೀದಿಗೆ ಇಳಿದಿದ್ದಳು.

ಸ್ವಿಚ್ಚಿನ ಮೇಲಿದ್ದ ಕೈಯನ್ನು ತೆಗೆದು ಗಾಜಿಗೆ ಬಡಿದಳು. ಒಮ್ಮೆ ಅಲ್ಲ, ಬಡಿದು ಬಡಿದು ಅಲ್ಲೇ ಒತ್ತಿ ಹಿಡಿದಳು. "ಅಮ್ಮ, ಇಲ್ಲೇ ಇದೀನಿ ಕಣೆ" ಅಂದಳು. ಗಾಜು ದಾಟಿ ಒಂದಕ್ಷರವೂ ಹೋಗುವಂತಿರಲಿಲ್ಲ.

ಅಮ್ಮನ ಕಣ್ಣು ಆ ಅಂಗೈಯಗಲಕ್ಕೆ ಬಂದು ನಿಂತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ನೆಟ್ಟಗೆ ನಿಂತು, ಧೂಳು ಮೆತ್ತಿದ ಎರಡು ಕೈಯನ್ನೂ ಎದೆಯ ಮೇಲೆ ತಂದು ಬಿಗಿಯಾಗಿ ಕಟ್ಟಿಕೊಂಡಳು. ಗದ್ದ ಮೇಲೆತ್ತಿ ಮಗಳನ್ನು ದುರುಗುಟ್ಟಿ ನೋಡಿದಳು.

ಗಾಡಿ ಮುಂದೆ ಹೋಯಿತು.

ಹರಟೆ ಉಸಿರು ಬಿಟ್ಟದ್ದು ಕಿಂಡಿಯಿಂದ ಕೇಳಿಸಿತು. "ನೋಡಿದೆ ಸಿಸ್ಟರ್. ಚೆನ್ನಾಗೇ ಇದಾರೆ" ಅಂದ. ಸ್ವಲ್ಪ ತಡೆದು, ತಡೆಯಲಾರದೆ, "ಆದ್ರೆ ಮತ್ತೆ ಸಿಟ್ಟು ಬಂದುಬಿಟ್ಟಿದೆಯಲ್ಲ" ಅಂದ.

"ಸದ್ಯ ಅಣ್ಣ," ಅಂದಳು ಸಿಸ್ಟರ್. "ಸದ್ಯ ಬಂತಲ್ಲ." ಕಲ್ಲುಹಾಸು ಮುಗಿದು ಮಣ್ಣಿನ ರಸ್ತೆ ಬಂದರೂ ಅವಳು ಗಾಜಿನ ಮೇಲಿಂದ ಕೈ ತೆಗೆಯಲಿಲ್ಲ.